ಪೊರಂಬೋಕು ಎಂದರೆ ಯಾರದೂ ಅಲ್ಲದ ಜಾಗವಲ್ಲ

(ಚೆನ್ನೈನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನೀರಿನ ಬಗ್ಗೆ ಭಾಷಣ ಎಂದ ಕೂಡಲೇ ‘ನಲ್ಲಿ ಸರಿಯಾಗಿ ನಿಲ್ಲಿಸಿ, ನೀರು ಪೋಲು ಮಾಡಬೇಡಿ’ ಎಂಬ ಬುದ್ಧಿಮಾತು ಬರುತ್ತದೆ ಎಂದು ನೀವು ಅಂದುಕೊಂಡಿರಬಹುದು. ಅದನ್ನು ಚೆನ್ನೈನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರನ್ನು ನೆಲ ಒರೆಸಲು ಎತ್ತಿಟ್ಟು ನಾವು 2019ರ ಬೇಸಿಗೆ ಕಳೆದಿದ್ದೇವೆ. ನಾನು ಇಂದು ಹೇಳಬೇಕೆಂದಿರುವುದು ನೀರು ನಲ್ಲಿಗೆ ಬರುವ ಮುಂಚಿನ ಮಾತು. ಅದು ಬರುವ ದಾರಿ, ಹೋಗುವ ದಾರಿ, ನಿಲ್ಲುವ ಬಯಲು ಇವುಗಳ ಬಗ್ಗೆ.

ಮೊದಲು ಒಂದು ಭಾಷೆಯ ತಮಾಷೆ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ನಮಗೆ ಏರಿ ಎಂದರೆ ಮಣ್ಣು ಎತ್ತಿ ಕಟ್ಟಿದ ಕೆರೆಯ ದಂಡೆ. ಆ ದಂಡೆಗೆ ಅವರು ‘ಕರೈ’ ಅನ್ನುತ್ತಾರೆ. ಅವರು ಏರಿ ಅಂದಾಗ ನಮ್ಮ ಕಣ್ಣಿಗೆ ಕಟ್ಟೆ ಬರುತ್ತದೆ, ನಾವು ಕೆರೆ ಅಂದಾಗ ಅವರ ಕಿವಿಗೆ ಕರೈ ಕೇಳಿಸುತ್ತದೆ! ಉಳಿದ ಪದಗಳು ಅಷ್ಟು ದೂರವಿಲ್ಲ. ನಮ್ಮ ಕಾಲುವೆ ಅವರ ಕಾಲ್ವಾಯ್, ನಮ್ಮ ಕೊಳ ಅವರ ಕುಳಂ. ತೂಬಿಗೆ ಅವರು ಮದಗು ಅನ್ನುತ್ತಾರೆ, ಆ ಪದ ನಮ್ಮ ಮದಗದ ಕೆರೆಯ ಹೆಸರಿನಲ್ಲೂ ಇದೆ. ಕೋಡಿಗೆ ಮಾತ್ರ ಬೇರೆ ಹೆಸರು, ಕಲಂಗಲ್. ಎರಡೂ ಕಡೆಯ ಹಿರಿಯರು ಒಂದೇ ವಿದ್ಯೆಯನ್ನು ಬಲ್ಲವರು ಎಂಬುದಕ್ಕೆ ಈ ಪದಗಳೇ ಸಾಕ್ಷಿ.

ಆ ವಿದ್ಯೆ ಇಷ್ಟೆ. ಕೆರೆ ಎಂದೂ ಒಂಟಿಯಾಗಿ ಇರುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮೂರುಗಳಲ್ಲಿ ಇದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಇಲ್ಲಿ ಊರಿನವರೇ ಸೇರಿ ಹೂಳೆತ್ತಿ ಕಾಲುವೆ ಸರಿಮಾಡುವ ‘ಕುಡಿಮರಾಮತ್ತು’ ಎಂಬ ಪದ್ಧತಿ ಇತ್ತು.

ಈಗ ನಮ್ಮಲ್ಲಿ ಅನೇಕರು ಮನೆ ಮಾಡಿರುವ ದಕ್ಷಿಣ ಚೆನ್ನೈಯನ್ನೇ ನೋಡೋಣ. ಕೀಳ್‌ಕಟ್ಟಳೈ ಏರಿ ತುಂಬಿದರೆ ಅದರ ನೀರು ನಾರಾಯಣಪುರಂ ಏರಿಗೆ, ಅಲ್ಲಿಂದ ಪಳ್ಳಿಕರಣೈ ಜೌಗಿಗೆ. ಹೀಗೆ ಸುತ್ತಲಿನ ಎಷ್ಟೋ ಕೆರೆಗಳ ಹೆಚ್ಚುವರಿ ನೀರು ಆ ಜೌಗಿಗೇ ಬರುತ್ತದೆ. ಅಲ್ಲಿ ಹರಡಿ, ನೆಲಕ್ಕೆ ಇಂಗಿ, ಉಳಿದದ್ದು ಒಕ್ಕಿಯಂ ಮಡುವು ಎಂಬ ಕಿರಿದಾದ ದಾರಿಯಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಗೆ ಇಳಿದು, ಕೋವಳಂ ಅಳಿವೆಯಲ್ಲಿ ಕಡಲು ಸೇರುತ್ತದೆ. ಐಟಿ ಕಾರಿಡಾರಿನ ಸೇತುವೆಯ ಮೇಲೆ ದಿನವೂ ಓಡಾಡುವವರು ಕೆಳಗೆ ನೋಡಿದರೆ ಕಾಣುವುದು ಅದೇ ಮಡುವು. ಅಷ್ಟು ವಿಶಾಲವಾದ ಬಯಲಿನ ನೀರಿಗೆ ಇರುವ ಬಾಗಿಲು ಅದು.

ಪಳ್ಳಿಕರಣೈ ಒಂದು ಕಾಲಕ್ಕೆ ಸುಮಾರು ಐದು ಸಾವಿರ ಹೆಕ್ಟೇರ್ ಹರಡಿತ್ತು ಎನ್ನುತ್ತಾರೆ. ಇಂಥ ಜೌಗಿಗೆ ತಮಿಳಿನಲ್ಲಿ ‘ಕಳುವೆಳಿ’ ಎಂಬ ಹೆಸರೇ ಇದೆ. ಅದರಲ್ಲಿರುವ ‘ವೆಳಿ’ ಎಂದರೆ ಬಯಲು. ಆ ಬಯಲಿನಲ್ಲಿ ರಸ್ತೆಗಳು ಬಂದವು, ರೈಲ್ವೆ ನಿಲ್ದಾಣ ಬಂತು, ಸರಕಾರಿ ಕಟ್ಟಡಗಳು, ಐಟಿ ಕಟ್ಟಡಗಳು, ಅಪಾರ್ಟ್‌ಮೆಂಟುಗಳು ಬಂದವು. ಪೆರುಂಗುಡಿಯ ಕಡೆ ದಶಕಗಳ ಕಾಲ ನಗರದ ಕಸ ಸುರಿದರು. 2022ರಲ್ಲಿ ಅದನ್ನು ರಾಮ್‌ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಘೋಷಿಸಿದಾಗ ಪಟ್ಟಿಗೆ ಸೇರಿದ್ದು ಸುಮಾರು 1,247 ಹೆಕ್ಟೇರ್.

ಇದನ್ನು ಉಳಿಸಿದ್ದರಲ್ಲಿ ಒಬ್ಬ ಹೆಣ್ಣುಮಗಳ ಪಾಲು ದೊಡ್ಡದು ಎಂದು ಈ ವೇದಿಕೆಯಲ್ಲಿ ಹೇಳಲೇಬೇಕು. ಚೆನ್ನೈನ ಕೇರ್ ಅರ್ಥ್ ಟ್ರಸ್ಟಿನ ಸಹ ಸಂಸ್ಥಾಪಕಿ ಡಾ. ಜಯಶ್ರೀ ವೆಂಕಟೇಶನ್ ಈ ಜೌಗಿನ ಗಿಡ, ಹಕ್ಕಿ, ನೀರಿನ ಹರಿವು ಎಲ್ಲವನ್ನೂ ವರ್ಷಗಟ್ಟಲೆ ದಾಖಲಿಸಿದರು. 2025ರಲ್ಲಿ ಅವರಿಗೆ ರಾಮ್‌ಸಾರ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಭಾರತೀಯರು ಅವರು. ಇಲ್ಲಿ ಏನಿದೆ, ಎಷ್ಟಿದೆ, ನೀರು ಎಲ್ಲಿಂದ ಬರುತ್ತದೆ ಎಂದು ತಾಳ್ಮೆಯಿಂದ ಬರೆದಿಡುವುದು ಅವರ ಕೆಲಸದ ಬುನಾದಿ. ಆ ದಾಖಲೆ ಇಲ್ಲದಿದ್ದರೆ ‘ಇದು ಬರೀ ಕೊಚ್ಚೆ’ ಎನ್ನುವವರಿಗೆ ಉತ್ತರವೇ ಇರುತ್ತಿರಲಿಲ್ಲ.

ಬಯಲು ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಚೆನ್ನೈ ನಾಲ್ಕೇ ವರ್ಷದಲ್ಲಿ ಎರಡು ರೀತಿಯಲ್ಲಿ ನೋಡಿತು. 2015ರ ಡಿಸೆಂಬರ್ ಮೊದಲಲ್ಲಿ ತಾಂಬರಂನಲ್ಲಿ 24 ಗಂಟೆಯಲ್ಲಿ 49 ಸೆಂ.ಮೀ. ಮಳೆ ಬಿತ್ತು. ಅಡ್ಯಾರ್ ನದಿ ಉಕ್ಕಿತು. ಒಂದು ರನ್‌ವೇ ಆ ನದಿಯ ಮೇಲೆಯೇ ಹಾದುಹೋಗಿರುವ ವಿಮಾನ ನಿಲ್ದಾಣವನ್ನು ಹಲವು ದಿನ ಮುಚ್ಚಬೇಕಾಯಿತು. 2019ರ ಜೂನ್ ಹೊತ್ತಿಗೆ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕು ಜಲಾಶಯಗಳೂ ಒಣಗಿದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳ ರೈಲಿನಲ್ಲಿ, ಒಂದು ಸಲಕ್ಕೆ 25 ಲಕ್ಷ ಲೀಟರಿನಂತೆ, ನೀರು ತರಿಸಬೇಕಾಯಿತು. ಅತಿಯಾದ ಮಳೆ ಒಂದು ಕಾರಣ, ಮಳೆ ಕೈಕೊಟ್ಟಿದ್ದು ಇನ್ನೊಂದು ಕಾರಣ, ಒಪ್ಪೋಣ. ಆದರೆ ಬಂದ ಮಳೆಯನ್ನು ಹಿಡಿದಿಡುವ ಪಾತ್ರೆಯನ್ನೇ ನಾವು ಚಿಕ್ಕದು ಮಾಡುತ್ತಾ ಬಂದರೆ ಎರಡೂ ಕಷ್ಟಗಳು ದೊಡ್ಡವಾಗುತ್ತವೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚೇರಿ, ಪಳ್ಳಿಕರಣೈ, ಪೆರುಂಬಾಕ್ಕಂ ಮತ್ತೆ ಮುಳುಗಿದವು.

ಈಗ ನನ್ನ ಭಾಷಣದ ಶೀರ್ಷಿಕೆಗೆ ಬರುತ್ತೇನೆ. ಪೊರಂಬೋಕು ಎಂದರೆ ಕಂದಾಯದ ಲೆಕ್ಕದಿಂದ ಹೊರಗಿಟ್ಟ ಜಾಗ. ಕೆರೆ, ಕಾಲುವೆ, ಗೋಮಾಳ, ದಾರಿ, ಸ್ಮಶಾನ ಎಲ್ಲ ಇದರಲ್ಲಿ ಬರುತ್ತವೆ. ನಮ್ಮ ಪಹಣಿಯಲ್ಲಿ ‘ಖರಾಬು’ ಎಂದು ಬರೆದಿರುತ್ತಾರಲ್ಲ, ಹೆಚ್ಚುಕಡಿಮೆ ಅದೇ. ತೆರಿಗೆ ಹಾಕಲಿಲ್ಲ ಏಕೆಂದರೆ ಅದು ಎಲ್ಲರದು. ಆದರೆ ಪದಗಳ ಗತಿ ನೋಡಿ. ಖರಾಬು ಅಂದರೆ ಕೆಟ್ಟದ್ದು ಎಂದಾಯಿತು, ಪೊರಂಬೋಕು ಇಲ್ಲಿನ ಬೀದಿಯಲ್ಲಿ ಬೈಗುಳವೇ ಆಯಿತು. 2017ರಲ್ಲಿ ಟಿ.ಎಂ. ಕೃಷ್ಣ ಅವರು ಎಣ್ಣೂರು ಅಳಿವೆಯ ಪರವಾಗಿ ಹಾಡಿದ ‘ಚೆನ್ನೈ ಪೊರಂಬೋಕು ಪಾಡಲ್’ ಈ ಪದದ ಮಾನವನ್ನು ಮರಳಿ ತರುವ ಪ್ರಯತ್ನ. ಎಲ್ಲರದು ಎಂಬುದು ಯಾರದೂ ಅಲ್ಲ ಎಂದಾದ ದಿನವೇ ಕೆರೆ ಸೈಟಾಯಿತು. ಇದು ಇಂದು ನಿನ್ನೆಯದೂ ಅಲ್ಲ. ನಾವು ಸೀರೆ ಕೊಳ್ಳಲು ಹೋಗುವ ಟಿ. ನಗರ ಇರುವಲ್ಲಿ ಲಾಂಗ್ ಟ್ಯಾಂಕ್ ಎಂಬ ದೊಡ್ಡ ಕೆರೆ ಇತ್ತು. 1920ರ ದಶಕದಲ್ಲಿ ಅದನ್ನು ಬತ್ತಿಸಿ ಬಡಾವಣೆ ಮಾಡಿದರು. ಪಶ್ಚಿಮ ಮಾಂಬಳದ ಲೇಕ್ ವ್ಯೂ ರೋಡ್, ನುಂಗಂಬಾಕ್ಕಂನ ಟ್ಯಾಂಕ್ ಬಂಡ್ ರೋಡ್ ಎಂಬ ಹೆಸರುಗಳಲ್ಲಿ ಮಾತ್ರ ಕೆರೆ ಉಳಿದಿದೆ.

ಹಾಗಾದರೆ ಇದನ್ನೆಲ್ಲ ಕಾಯಬೇಕಾದವರು ಯಾರು? ಇಲಾಖೆಗಳಿಗೆ ಕೊರತೆಯಿಲ್ಲ. ದೊಡ್ಡ ಕೆರೆ ಜಲಸಂಪನ್ಮೂಲ ಇಲಾಖೆಯದು. ಮಳೆನೀರಿನ ಚರಂಡಿ ಕಾರ್ಪೊರೇಷನ್ನಿನದು. ಒಳಚರಂಡಿ ಮೆಟ್ರೋ ವಾಟರಿನದು. ಜೌಗಿನ ರಕ್ಷಿತ ಭಾಗ ಅರಣ್ಯ ಇಲಾಖೆಯದು. ಕಟ್ಟಡದ ಪರವಾನಗಿ ಕೊಡುವವರು ಇನ್ನೊಬ್ಬರು. ಕಾನೂನೂ ಇದೆ. ಕೆರೆಗಳ ರಕ್ಷಣೆಗೆ ಮತ್ತು ಒತ್ತುವರಿ ತೆರವಿಗೆ ತಮಿಳುನಾಡಿನಲ್ಲಿ 2007ರ ಕಾಯ್ದೆಯಿದೆ, ಜೌಗು ಪ್ರದೇಶಗಳಿಗೆ ಕೇಂದ್ರದ 2017ರ ನಿಯಮಗಳಿವೆ. ಆದರೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುವ ಹತ್ತಡಿ ಅಗಲದ ಕಾಲುವೆ ಒಬ್ಬರ ಗಡಿಯಲ್ಲಿ ಹುಟ್ಟಿ ಮತ್ತೊಬ್ಬರ ಗಡಿಯಲ್ಲಿ ಮುಗಿಯುತ್ತದೆ. ಕೆರೆಗೆ ಯಜಮಾನರಿದ್ದಾರೆ, ದಾರಿಗೆ ಇಲ್ಲ. ಮೊದಲು ಮುಚ್ಚಿಹೋಗುವುದು ಆ ದಾರಿಯೇ.

ಸರಿಯಾಗಿ ಮಾಡಿದರೆ ಆಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2006ರಲ್ಲಿ ಸರಕಾರ ಅಡ್ಯಾರ್ ಪೂಂಗಾ ಟ್ರಸ್ಟ್ ಎಂಬ ಸಂಸ್ಥೆ ಮಾಡಿತು. 2010ರಲ್ಲಿ ಅದೇ ಚೆನ್ನೈ ನದಿಗಳ ಪುನರುಜ್ಜೀವನ ಟ್ರಸ್ಟ್ ಆಯಿತು. ಅಡ್ಯಾರ್ ಹಿನ್ನೀರಿನ ಬಳಿ ಕಸ, ಕಟ್ಟಡದ ಅವಶೇಷ ತುಂಬಿದ್ದ 58 ಎಕರೆಯನ್ನು ಅದು ಕೈಗೆತ್ತಿಕೊಂಡಿತು. ತುಂಬಿದ್ದನ್ನು ತೆಗೆದು, ನೀರು ನಿಲ್ಲುವ ಜಾಗ ತೋಡಿ, ಕಡಲ ಏರಿಳಿತದ ನೀರು ಮತ್ತೆ ಬರುವಂತೆ ಮಾಡಿ, ಈ ನೆಲದ ಗಿಡಗಳನ್ನೇ ನೆಟ್ಟರು. 2011ರಲ್ಲಿ ಅದನ್ನು ತೆರೆದಾಗ ‘ಪಾರ್ಕ್ ಅಂತೀರಿ, ವಾಕಿಂಗಿಗೆ ಬಿಡುವುದಿಲ್ಲವಲ್ಲ’ ಎಂದು ಗೊಣಗಿದವರಿದ್ದರು. ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಶಾಲಾ ಮಕ್ಕಳ ಗುಂಪುಗಳಿಗೆ ಮಾತ್ರ ಪ್ರವೇಶ. ನನಗೆ ಅದು ಸರಿ ಅನ್ನಿಸುತ್ತದೆ. ಬಯಲು ಮೊದಲು ನೀರಿನದು, ಆಮೇಲೆ ನಮ್ಮ ವಾಕಿಂಗಿನದು.

ಇಲ್ಲಿ ಕಷ್ಟದ ಮಾತೊಂದಿದೆ. ನದಿ ಉಳಿಸುವ ಹೆಸರಿನಲ್ಲಿ ಮೊದಲು ಏಳಬೇಕಾಗಿ ಬಂದದ್ದು ದಡದ ಗುಡಿಸಲಿನವರು. ಅಡ್ಯಾರ್, ಕೂವಂ ದಡದ ಸಾವಿರಾರು ಕುಟುಂಬಗಳನ್ನು ದೂರದ ಪೆರುಂಬಾಕ್ಕಂನ ಕಟ್ಟಡಗಳಿಗೆ ಕಳಿಸಿದರು. ಮನೆಗೆಲಸ ಮಾಡಿ ಬದುಕುತ್ತಿದ್ದ ಎಷ್ಟೋ ಹೆಂಗಸರಿಗೆ ಅಲ್ಲಿಂದ ದಿನಾ ಬಂದುಹೋಗುವುದು ಆಗದೆ ಕೆಲಸ ತಪ್ಪಿತು. ಆ ಪೆರುಂಬಾಕ್ಕಮ್ಮೂ ಜೌಗಿನ ಪಕ್ಕದ ತಗ್ಗು, ಮಳೆ ಬಂದರೆ ಅಲ್ಲೂ ನೀರು. ಅದೇ ಜೌಗಿನ ನೆಲದ ಮೇಲೆ ನಿಂತ ಗಾಜಿನ ಕಟ್ಟಡಗಳು ನಿಂತೇ ಇವೆ. ಸಂರಕ್ಷಣೆ ಎಂದರೆ ಬಡವರನ್ನು ಎಬ್ಬಿಸುವುದು ಎಂದಾದರೆ ಅದರ ಪರವಾಗಿ ನಾನು ನಿಲ್ಲಲಾರೆ. ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು.

ನಾವೇನು ಮಾಡಬಹುದು? ನಾಲ್ಕು ಕೆಲಸ ಹೇಳುತ್ತೇನೆ, ನಾಲ್ಕೂ ನಮ್ಮ ಕೈಯಲ್ಲೇ ಆಗುವಂಥವು.

ಒಂದು, ನೀವೋ ನಿಮ್ಮ ಮಕ್ಕಳೋ ಇಲ್ಲಿ ಫ್ಲಾಟ್ ಕೊಳ್ಳುವಾಗ ಅಡುಗೆಮನೆ, ವಾಸ್ತು ನೋಡುವ ಮುಂಚೆ ಸರ್ವೆ ನಂಬರ್ ನೋಡಿ. ಜಾಗ ಪೊರಂಬೋಕು ಹೌದೋ ಅಲ್ಲವೋ ಎಂದು ತಮಿಳುನಾಡು ಸರಕಾರದ ಇ-ಸೇವೆ ತಾಣದಲ್ಲಿ ಮನೆಯಿಂದಲೇ ತಿಳಿಯಬಹುದು. ಜತೆಗೆ ಹಳೆಯ ನಿವಾಸಿಗಳನ್ನು, ಮೂಲೆಯ ಅಂಗಡಿಯವರನ್ನು ‘2015ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿ.

ಎರಡು, ಈಶಾನ್ಯ ಮಾರುತ ಅಕ್ಟೋಬರಿಗೆ ಶುರುವಾಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಾಲ್ಕೈದು ಜನ ಸೇರಿ ನಿಮ್ಮ ಹತ್ತಿರದ ಕೆರೆಗೆ ನೀರು ಬರುವ ಕಾಲುವೆ, ಕೋಡಿಯಿಂದ ಹೋಗುವ ಕಾಲುವೆ ಎರಡನ್ನೂ ನಡೆದು ನೋಡಿ. ಪ್ರತಿವರ್ಷ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ಮನೆಯ ಖರ್ಚಿನ ಲೆಕ್ಕ ಬರೆಯುವ ನಮಗೆ ಇದು ಹೊಸದಲ್ಲ. ಕಾಲುವೆಯ ಅಗಲ ದಾಖಲೆಯಲ್ಲಿ ಎಷ್ಟಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, ಎರಡನ್ನೂ ವಾರ್ಡ್ ಕೌನ್ಸಿಲರ್ ಮುಂದಿಡಿ. ಭಾಷೆ ಕಷ್ಟವೆನಿಸಿದರೆ ಪಕ್ಕದ ಮನೆಯ ತಮಿಳು ಗೆಳತಿಯನ್ನು ಕರೆದುಕೊಳ್ಳಿ. ಇದು ಅವಳ ಕೆರೆಯೂ ಹೌದು.

ಮೂರು, ಕೆರೆ ಅಭಿವೃದ್ಧಿ ಎಂದಾಗ ನಾವು ಕೇಳುವುದೇನು ಎಂದು ಯೋಚಿಸಿ. ಸುತ್ತ ಕಾಂಕ್ರೀಟ್ ಗೋಡೆ, ಟೈಲ್ಸ್ ಹಾಕಿದ ಟ್ರ್ಯಾಕ್, ಕಾರಂಜಿ, ದೋಣಿ. ಇವುಗಳಿಗೆ ಜಾಗ ಕೊಡುವುದು ಕೆರೆಯ ಅಂಗಳವೇ. ಮೊದಲ ಬೇಡಿಕೆ ‘ಚರಂಡಿ ನೀರು ಕೆರೆಗೆ ಬರದಿರಲಿ, ಮಳೆನೀರು ಬರಲಿ’ ಎಂದಿರಲಿ.

ನಾಲ್ಕು, ಈ ರಾಜ್ಯದಲ್ಲಿ 2003ರಿಂದ ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಗುಂಡಿ ಎಲ್ಲಿದೆ, ಕೊನೆಯ ಸಲ ಯಾವಾಗ ತೆಗೆದು ಚೊಕ್ಕಟ ಮಾಡಿದರು ಎಂದು ಮುಂದಿನ ಸಭೆಯಲ್ಲಿ ಕೇಳಿ. ಒಬ್ಬರು ಕೇಳಿದರೆ ಸಾಕು, ಕೆಲಸ ಶುರುವಾಗುತ್ತದೆ.

ಕೆರೆ ತುಂಬಿದಾಗ ಬಾಗಿನ ಕೊಡುವ ಸಂಪ್ರದಾಯದಲ್ಲಿ ಬೆಳೆದವರು ನಾವು. ಬಾಗಿನ ಕೊಡಲು ಕೆರೆ ತುಂಬಬೇಕು, ತುಂಬಲು ದಾರಿ ತೆರೆದಿರಬೇಕು. ನಾವು ಈ ಊರಿಗೆ ಬಂದು ಇಪ್ಪತ್ತು ವರ್ಷವೋ ಐವತ್ತು ವರ್ಷವೋ ಆಗಿರಬಹುದು, ಕುಡಿದದ್ದು ಇಲ್ಲಿನ ನೀರು. ಸೆಪ್ಟೆಂಬರ್ ಮೊದಲ ಭಾನುವಾರ ಬೆಳಿಗ್ಗೆ ನಾರಾಯಣಪುರಂ ಏರಿಯಿಂದ ಜೌಗಿನವರೆಗೆ ಕಾಲುವೆಯ ಗುಂಟ ನಡೆಯೋಣ ಎಂದು ವೇದಿಕೆಗೆ ನನ್ನ ಸೂಚನೆ. ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಿ. ಮುಚ್ಚಿದ ಚಪ್ಪಲಿ, ಒಂದು ನೋಟ್‌ಪುಸ್ತಕ ತನ್ನಿ.