ನಮ್ಮ ಆಹಾರದಲ್ಲಿ ಮೊಟ್ಟೆಯ ಸ್ಥಾನ

(ಹರೂರಿನಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನೂ ಅವರ ತಾಯಿತಂದೆಯರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಮಾತನಾಡುವವರು ವಿದ್ಯೆ, ಶೀಲ, ದೇಶಸೇವೆ ಮೊದಲಾದ ದೊಡ್ಡ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ನಾವಾದರೋ ಅಂಗೈಯಲ್ಲಿ ಅಡಗುವ ಒಂದು ಸಣ್ಣ ವಸ್ತುವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ನಿಂತಿದ್ದೇವೆ. ಅದು ಕೋಳಿಯ ಮೊಟ್ಟೆ. ಲೆಕ್ಕದ ಪರೀಕ್ಷೆಯಲ್ಲಿ ಸೊನ್ನೆ ಪಡೆದವನನ್ನು ‘ಮೊಟ್ಟೆ ತಂದ’ನೆಂದು ಹಾಸ್ಯ ಮಾಡುವ ಹುಡುಗರು ಈ ಮಾತಿಗೆ ನಗಬಹುದು. ನಗಲಿ, ಆದರೆ ನಾವು ಇಂದು ಹೇಳಬೇಕೆಂದಿರುವುದೂ ಒಂದು ಲೆಕ್ಕವೇ.

ಮೊದಲು ದೇಶದ ಲೆಕ್ಕವನ್ನು ನೋಡೋಣ. 1950-51ರಲ್ಲಿ ಭಾರತದಲ್ಲಿ ದೊರೆಯುತ್ತಿದ್ದ ಮೊಟ್ಟೆಗಳನ್ನೆಲ್ಲ ಜನರಿಗೆ ಸಮನಾಗಿ ಹಂಚಿದ್ದರೆ ತಲೆಗೆ ವರ್ಷಕ್ಕೆ 5 ಮಾತ್ರ ಬರುತ್ತಿದ್ದವು. ಎಂದರೆ ಎಪ್ಪತ್ತಮೂರು ದಿನಗಳಿಗೆ ಒಂದು. 2023-24ರಲ್ಲಿ ಅದೇ ಲೆಕ್ಕ 103ಕ್ಕೆ ಏರಿತು. ಮೂರೂವರೆ ದಿನಕ್ಕೆ ಒಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಒಬ್ಬರಿಗೆ ವರ್ಷಕ್ಕೆ 180 ಮೊಟ್ಟೆಗಳಿರಬೇಕೆಂದು ಸೂಚಿಸಿದ್ದಾರೆ. ಅದು ಎರಡು ದಿನಕ್ಕೆ ಒಂದರಂತೆ ಆಗುತ್ತದೆ. ಈ ಸಂಸ್ಥೆ ಹುಟ್ಟಿದ್ದು ನಮಗೆ ದೂರವಲ್ಲದ ನೀಲಗಿರಿಯ ಕೂನೂರಿನಲ್ಲಿ, 1918ರಲ್ಲಿ. ಹೈದರಾಬಾದಿಗೆ ಹೋದದ್ದು 1958ರಲ್ಲಿ.

ಈ ವೃದ್ಧಿಯ ಕಾರಣವನ್ನು ಅರಿಯಲು ನಾವು ಬಹುದೂರ ಹೋಗಬೇಕಾದುದಿಲ್ಲ. ಹಿಂದೆ ಸೇಲಂ ಜಿಲ್ಲೆ ಬಹು ದೊಡ್ಡದಾಗಿತ್ತು. ಅದರಿಂದ 1965ರಲ್ಲಿ ನಮ್ಮ ಧರ್ಮಪುರಿ ಬೇರೆಯಾಯಿತು. 1997ರಲ್ಲಿ ನಾಮಕ್ಕಲ್ ಬೇರೆಯಾಯಿತು. ಆ ನಾಮಕ್ಕಲ್ಲೇ ಇಂದು ದಕ್ಷಿಣ ದೇಶದ ಮೊಟ್ಟೆಯ ಕಣಜ. ಅಂಗಳದಲ್ಲಿ ಕೆದಕಿ ತಿನ್ನುವ ನಾಟಿ ಕೋಳಿ ವರ್ಷಕ್ಕೆ ನೂರು ಮೊಟ್ಟೆಗಳನ್ನೂ ಇಡುವುದು ಕಷ್ಟ. ಮೊಟ್ಟೆಗಾಗಿಯೇ ಬೆಳೆಸಿದ ಬಿಳಿಯ ಲೆಗ್‌ಹಾರ್ನ್ ಸಂತತಿಯ ಕೋಳಿ ಸುಮಾರು ಮುನ್ನೂರು ಇಡುತ್ತದೆ. 2023-24ರಲ್ಲಿ ದೇಶದ ಮೊಟ್ಟೆಗಳಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ತಮಿಳುನಾಡಿನಿಂದಲೇ ಬಂದವು. ಆಂಧ್ರಪ್ರದೇಶವೊಂದೇ ನಮಗಿಂತ ಮುಂದಿತ್ತು.

ಇಷ್ಟನ್ನು ಕೇಳಿ ತೃಪ್ತಿಪಟ್ಟು ಕುಳಿತುಕೊಳ್ಳಬಹುದೇ? ಇಲ್ಲ. ವಿದ್ಯಾರ್ಥಿಗಳು ಸರಾಸರಿಯ ಲೆಕ್ಕವನ್ನು ಕಲಿತಿದ್ದಾರೆ. ಒಂದು ಮನೆಯ ಹುಡುಗ ವಾರಕ್ಕೆ ಆರು ಮೊಟ್ಟೆ ತಿಂದು, ಪಕ್ಕದ ಮನೆಯ ಹುಡುಗಿ ಒಂದನ್ನೂ ತಿನ್ನದಿದ್ದರೆ, ಸರಾಸರಿ ಇಬ್ಬರಿಗೂ ಮೂರು ಮೂರು. ಕಾಗದದ ಮೇಲೆ ಇಬ್ಬರೂ ಪುಷ್ಟರು. ಎಲೆಯ ಮುಂದೆ ಒಬ್ಬಳು ಹಸಿದವಳು. ಆದುದರಿಂದ ಎಷ್ಟು ಮೊಟ್ಟೆ ಎಂಬ ಪ್ರಶ್ನೆಯೊಡನೆ ಯಾರ ಎಲೆಗೆ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು.

ಈ ಮಾತನ್ನು ನಾವು ಪುಸ್ತಕದಿಂದ ಕಲಿತುದಲ್ಲ. ನಾವು ಚಿಕ್ಕವರಾಗಿದ್ದಾಗ ನಮ್ಮ ಮನೆಯಲ್ಲಿ ಐದಾರು ಕೋಳಿಗಳಿದ್ದುವು. ಬೆಳಿಗ್ಗೆ ಬುಟ್ಟಿಯನ್ನೆತ್ತಿ ಅವನ್ನು ಹೊರಗೆ ಬಿಡುವವಳು, ಸಂಜೆ ಕರೆದು ಮುಚ್ಚುವವಳು, ಹದ್ದು ಬಂದರೆ ಕೂಗಿ ಓಡಿಸುವವಳು ನಮ್ಮ ಅಕ್ಕ. ಮೊಟ್ಟೆಗಳನ್ನು ಆರಿಸಿ ರಾಗಿಯ ಮಡಕೆಯೊಳಗೆ ಹುದುಗಿಸಿಡುವವಳೂ ಅವಳೇ. ಸಂತೆಯ ದಿನ ಅವು ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆಗಳಾಗಿ ಹಿಂದಿರುಗುತ್ತಿದ್ದುವು. ಎಂದಾದರೂ ಒಂದನ್ನು ಉಳಿಸಿದರೆ ಅದು ಪರೀಕ್ಷೆಗೆ ಹೋಗುವ ನಮಗೆ, ಇಲ್ಲವೇ ಹೊಲದಿಂದ ಬಂದ ತಂದೆಯವರಿಗೆ. ಅಕ್ಕನ ಎಲೆಯಲ್ಲಿ ಮೊಟ್ಟೆಯನ್ನು ಕಂಡ ನೆನಪು ನಮಗಿಲ್ಲ. ಯಾರೂ ಅವಳಿಗೆ ಬೇಡವೆಂದಿರಲಿಲ್ಲ. ಬೇಕೇ ಎಂದು ಕೇಳಿದವರೂ ಇರಲಿಲ್ಲ. ನಾವೂ ಕೇಳಲಿಲ್ಲ. ಇದನ್ನು ಈ ವಯಸ್ಸಿನಲ್ಲಿ ನೆನೆದಾಗ ಮನಸ್ಸಿಗೆ ನೋವಾಗುತ್ತದೆ.

ಅಂತಹ ಮಕ್ಕಳ ಎಲೆಗೆ ಮೊಟ್ಟೆಯನ್ನು ತಂದುದು ಶಾಲೆಯ ಮಧ್ಯಾಹ್ನದ ಊಟ. ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ, 1956ರಲ್ಲಿ, ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡುವ ಏರ್ಪಾಡು ರಾಜ್ಯದಲ್ಲಿ ಆರಂಭವಾಯಿತು. 1982ರ ಜುಲೈ 1ರಂದು ಎಂ. ಜಿ. ರಾಮಚಂದ್ರನ್ ಅವರು ಅದನ್ನು ಬಹಳವಾಗಿ ವಿಸ್ತರಿಸಿದರು. 1989ರಲ್ಲಿ ಎರಡು ವಾರಕ್ಕೊಂದು ಮೊಟ್ಟೆ ಸೇರಿತು, 1998ರಲ್ಲಿ ವಾರಕ್ಕೊಂದಾಯಿತು, 2006ರಲ್ಲಿ ಎರಡು, 2007ರಲ್ಲಿ ಮೂರು, 2010ರಲ್ಲಿ ಐದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಯ ಹಣ್ಣು. ಒಂದೊಂದು ಮೊಟ್ಟೆ ಏರಲು ವರ್ಷಗಳೇ ಹಿಡಿದುವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮೊಟ್ಟೆ ಕೊಡಲಾರಂಭಿಸಿದಾಗ ಆಕ್ಷೇಪಗಳೂ ಕೇಳಿಬಂದುವು. ಆದರೂ ಅದು ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ಅಜೀಂ ಪ್ರೇಂಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರಕ್ಕೆ ಏರಿತು. ಬೇಡವೆನ್ನುವವರಿಗೆ ಅಲ್ಲಿ ಬಾಳೆಯ ಹಣ್ಣು.

ಈಗ ಇನ್ನೊಂದು ಲೆಕ್ಕ. ಶಾಲೆ ವರ್ಷಕ್ಕೆ ನಲವತ್ತು ವಾರ ನಡೆಯುವುದೆಂದು ಇಟ್ಟುಕೊಳ್ಳಿ. ವಾರಕ್ಕೆ ಐದರಂತೆ ಮಗುವಿಗೆ 200 ಮೊಟ್ಟೆಗಳಾದುವು. ತಜ್ಞರು ಹೇಳಿದ 180 ಶಾಲೆಯಲ್ಲಿಯೇ ತುಂಬಿತು. ಆದರೆ ಬೇಸಿಗೆಯ ರಜೆಯಲ್ಲಿ ಆ ಎಲೆ ಬರಿದಾಗುತ್ತದೆ. ಶಾಲೆಗೆ ಹೋಗುವ ವಯಸ್ಸನ್ನು ದಾಟಿದ ಹೆಣ್ಣುಮಗಳಿಗೂ, ಬಸುರಿಗೂ, ಮನೆಯಲ್ಲಿ ಕೊನೆಗೆ ಉಣ್ಣುವ ತಾಯಿಗೂ ಶಾಲೆಯ ಮೊಟ್ಟೆ ತಲಪುವುದಿಲ್ಲ. ಅಲ್ಲಿಂದ ಮುಂದಿನ ಹೊಣೆ ಮನೆಯದು.

ಹಾಗೆಂದು ಮೊಟ್ಟೆಯೊಂದೇ ಅಮೃತವೆಂದು ನಾವು ಹೇಳುವುದಿಲ್ಲ. ಅದರ ಗುಣವೆಷ್ಟು, ಕೊರತೆಯೆಷ್ಟು ಎಂಬುದನ್ನು ಅರಿಯಬೇಕು. ಐವತ್ತು ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ದೇಹವನ್ನು ಕಟ್ಟುವ ಈ ವಸ್ತು ಮೊಟ್ಟೆಯಲ್ಲಿರುವಷ್ಟು ಒಳ್ಳೆಯ ರೂಪದಲ್ಲಿ ಬೇರೆಡೆ ಸಿಕ್ಕುವುದು ಅಪರೂಪ. ಎ, ಡಿ, ಬಿ12 ಜೀವಸತ್ವಗಳೂ ಉಂಟು. ಆದರೆ ಹತ್ತು ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ ಸುಮಾರು 32 ಗ್ರಾಂ ಸಸಾರಜನಕ ಬೇಕು. ಮೊಟ್ಟೆ ಕೊಡುವುದು ಅದರ ಐದನೆಯ ಒಂದು ಭಾಗ. ಉಳಿದುದು ಬೇಳೆ, ಹುರುಳಿ, ಅವರೆ, ಕಡಲೆಕಾಯಿ, ಹಾಲು, ಧಾನ್ಯಗಳಿಂದಲೇ ಬರಬೇಕು.

ಇನ್ನೊಂದು ಸೋಜಿಗವನ್ನು ಕೇಳಿ. ಮೊಟ್ಟೆಯ ಸುಣ್ಣವೆಲ್ಲ ಅದರ ಚಿಪ್ಪಿನಲ್ಲಿದೆ. ಅದನ್ನು ನಾವು ಎಸೆಯುತ್ತೇವೆ. ತಿನ್ನುವ ಭಾಗದಲ್ಲಿ ಉಳಿಯುವುದು ಸುಮಾರು 25 ಮಿಲಿಗ್ರಾಂ ಮಾತ್ರ. ನಮ್ಮ ಸೀಮೆಯ ರಾಗಿಯಲ್ಲಾದರೋ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣವಿದೆ. ಎಲುಬಿನ ಬಲಕ್ಕೆ ಮುದ್ದೆಯೇ ಮೇಲು. ಸಿ ಜೀವಸತ್ವ ಮೊಟ್ಟೆಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ನೆಲ್ಲಿಕಾಯಿ, ಸೀಬೆ, ನಿಂಬೆ ಬೇಕು. ನಾರೂ ಇಲ್ಲ, ಅದಕ್ಕೆ ಸೊಪ್ಪು ತರಕಾರಿ ಬೇಕು. ಮುದ್ದೆ, ಸೊಪ್ಪಿನ ಸಾರು, ಒಂದು ಬೇಯಿಸಿದ ಮೊಟ್ಟೆ, ಕೊನೆಗೊಂದು ಹಣ್ಣು: ಈ ಎಲೆಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ದಿನಕ್ಕೆ ಎಷ್ಟರವರೆಗೆ ತಿನ್ನಬಹುದು ಎಂದು ಹಿರಿಯರು ಕೇಳುವುದುಂಟು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟರಾಲ್ ಇದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ತಜ್ಞರು ಬಹುಕಾಲ ಹೇಳುತ್ತಿದ್ದರು. ಆ ಮಿತಿಯನ್ನು 2015ರ ಸುಮಾರಿಗೆ ಕೈಬಿಟ್ಟರು. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆಯಿಂದ ತೊಂದರೆಯಿಲ್ಲವೆಂಬುದು ಈಗ ಸಾಮಾನ್ಯವಾದ ಅಭಿಪ್ರಾಯ. ಸಿಹಿಮೂತ್ರ ರೋಗ, ಹೃದ್ರೋಗಗಳಿರುವವರು ತಮ್ಮ ವೈದ್ಯರನ್ನು ಕೇಳಿ ನಡೆಯಬೇಕು. ಮೊಟ್ಟೆ ಒಗ್ಗದೆ ಮೈ ಮೇಲೆ ದದ್ದು ಏಳುವ ಮಕ್ಕಳೂ ಇದ್ದಾರೆ; ಅವರನ್ನು ಬಲಾತ್ಕರಿಸಬಾರದು. ಹಸಿ ಮೊಟ್ಟೆ ಕುಡಿದರೆ ಬಲ ಬರುವುದೆಂಬ ನಂಬಿಕೆ ತಪ್ಪು. ಬೆಂದ ಮೊಟ್ಟೆಯೇ ಚೆನ್ನಾಗಿ ಜೀರ್ಣವಾಗುತ್ತದೆ; ಹಸಿಯದರಿಂದ ರೋಗಾಣುಗಳ ಭಯವೂ ಉಂಟು. ಬಿಳಿಯ ಚಿಪ್ಪು, ಕಂದು ಚಿಪ್ಪುಗಳೊಳಗೆ ಸತ್ತ್ವದ ಭೇದವಿಲ್ಲ. ನೀರಿನಲ್ಲಿ ಮುಳುಗಿ ಅಡ್ಡ ಮಲಗುವುದು ಹೊಸದು. ನೆಟ್ಟಗೆ ನಿಲ್ಲುವುದು ಹಳೆಯದು. ತೇಲುವುದನ್ನು ಎಸೆಯುವುದು ಲೇಸು.

ಮೊಟ್ಟೆಯನ್ನು ಮುಟ್ಟದ ಮನೆತನಗಳು ನಮ್ಮ ಕನ್ನಡಿಗರಲ್ಲಿ ಅನೇಕವಿವೆ. ಅವರ ನಿಯಮ ನಮಗೆ ಗೌರವದ್ದೇ. ಧಾನ್ಯದೊಡನೆ ಬೇಳೆಯನ್ನು ಕೂಡಿಸಿ, ಹಾಲು ಮೊಸರನ್ನು ತಪ್ಪದೆ ಕೊಟ್ಟರೆ ಆ ಮಕ್ಕಳೂ ಚೆನ್ನಾಗಿಯೇ ಬೆಳೆಯುತ್ತಾರೆ. ತಿಳಿಸಾರಿನಲ್ಲಿ ಅನ್ನವನ್ನಷ್ಟೇ ಕಲಸಿ ಕೊಟ್ಟು ನಮ್ಮದು ಸಾತ್ವಿಕ ಆಹಾರವೆಂದು ಸಮಾಧಾನಪಡುವುದು ಮಾತ್ರ ಸಲ್ಲದು. ವಿದ್ಯಾರ್ಥಿಗಳಿಗೆ ಒಂದು ಮಾತು: ಪಂಕ್ತಿಯಲ್ಲಿ ಮೊಟ್ಟೆ ತಿನ್ನುವವನನ್ನು ಕೀಳೆಂದೂ, ಬಾಳೆಯ ಹಣ್ಣು ಬೇಡುವವನನ್ನು ಹೇಡಿಯೆಂದೂ ಯಾರೂ ಹಂಗಿಸಬೇಡಿ. ಒಟ್ಟಿಗೆ ಕುಳಿತು ಉಣ್ಣುವುದನ್ನು ಕಲಿಯುವುದೂ ಒಂದು ವಿದ್ಯೆ.

ಕೊನೆಯದಾಗಿ ತಾಯಿತಂದೆಯರಲ್ಲಿ ಒಂದು ಅರಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ನೂರಕ್ಕೆ 53 ಮಂದಿಗೆ ರಕ್ತಹೀನತೆ ಕಂಡುಬಂದಿತು. ಮೊಟ್ಟೆಯಲ್ಲಿ ಕಬ್ಬಿಣ ಕಡಿಮೆಯಾದುದರಿಂದ ಅದೊಂದರಿಂದಲೇ ಇದು ಗುಣವಾಗದು. ಸೊಪ್ಪು, ಕಾಳು, ಹುಳಿಹಣ್ಣು, ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಎಲ್ಲವೂ ಬೇಕು. ಆದರೆ ಈ ಸಂಖ್ಯೆ ಒಂದು ವಿಷಯವನ್ನು ಸಾರಿ ಹೇಳುತ್ತದೆ: ನಮ್ಮ ಮನೆಗಳಲ್ಲಿ ಬಡಿಸುವವರ ಎಲೆ ಇನ್ನೂ ತುಂಬಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಹಿರಿಯರ ಗಾದೆ. ತನ್ನ ಊಟವನ್ನಷ್ಟೇ ಬಲ್ಲವನು ಅರ್ಧ ಬಲ್ಲವನು. ಮನೆಮಂದಿಯ ಊಟವನ್ನೆಲ್ಲ ಬಲ್ಲವನೇ ಪೂರ್ಣ ಬಲ್ಲವನು. ಇಂದು ಮನೆಗೆ ಹೋದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಾರದ ಲೆಕ್ಕವನ್ನು ಬರೆಯಲಿ: ಮನೆಯಲ್ಲಿ ಮೊಟ್ಟೆ, ಹಾಲು, ಬೇಳೆ ಯಾರ ಎಲೆಗೆ ಎಷ್ಟು ಬಿತ್ತು? ಅಮ್ಮನ ಹೆಸರಿನ ಮುಂದೆ, ಅಕ್ಕ ತಂಗಿಯರ ಹೆಸರಿನ ಮುಂದೆ ಸೊನ್ನೆ ಬಂದಿದ್ದರೆ, ನಿಮ್ಮ ಪಾಲನ್ನು ಎತ್ತಿಕೊಳ್ಳುವ ಮೊದಲು ‘ನಿನಗೆ?’ ಎಂದು ಕೇಳಿ. ನಾವು ಕೇಳದೆ ಬಿಟ್ಟ ಮಾತು ಅದು. ನೀವು ಅದನ್ನು ಕೇಳಿದರೆ ನಮ್ಮ ಭಾಷಣ ಸಾರ್ಥಕವಾಯಿತೆಂದು ತಿಳಿಯುತ್ತೇವೆ.