ಶೇಡಿ ಮಣ್ಣಿಗೆ ಸುಣ್ಣವಷ್ಟೇ ಸಾಕೇ?



ಕರಾವಳಿಯಲ್ಲೂ ಘಟ್ಟದ ತಪ್ಪಲಿನಲ್ಲೂ ಜಂಬಿಟ್ಟಿಗೆಯ ಗಡಸು ಪದರದಡಿ ಹಲವೆಡೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣಿನಲ್ಲಿ ನುಣ್ಣನೆಯ ಮರಳು ಮತ್ತು ರೇವೆಯ ಕಣಗಳೇ ಅಧಿಕ, ಅಂಟು ಅಲ್ಪ. ಬೇಸಿಗೆಯಲ್ಲಿ ಕಡಿದ ಧರೆ ಗೋಡೆಯಂತೆ ನಿಲ್ಲುವುದಕ್ಕೆ ಕಣಗಳ ನಡುವಿನ ತೇವದ ತೆಳುಪೊರೆಯ ಸೆಳೆತವೂ ಕಾರಣ. ಮಳೆಗಾಲದಲ್ಲಿ ಸಂದುಗಳೆಲ್ಲ ನೀರಿನಿಂದ ತುಂಬಿದೊಡನೆ ಆ ಸೆಳೆತ ಅಳಿಯುತ್ತದೆ. ಮಣ್ಣು ಕೊಚ್ಚಿಹೋಗಿ, ಮೇಲಿನ ಜಂಬಿಟ್ಟಿಗೆ ಆಸರೆಯಿಲ್ಲದೆ ಉರುಳುತ್ತದೆ.

ಈ ಮಣ್ಣಿಗೆ ಏನನ್ನು ಬೆರೆಸಿದರೆ ಗಟ್ಟಿಯಾದೀತೆಂಬ ಬಗ್ಗೆ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಅಧ್ಯಯನಗಳು ನಡೆದಿವೆ. ಸಿಮೆಂಟು ಮರಳಿನ ಕಣಗಳನ್ನೂ ಬೆಸೆಯಬಲ್ಲದು. ಸುಣ್ಣದ ರೀತಿ ಬೇರೆ. ಅದು ಜೇಡಿಯೊಡನೆ ವರ್ತಿಸಿಯೇ ಗಟ್ಟಿಯಾಗಬೇಕು. ಆದ್ದರಿಂದ ಮರಳು ಹೆಚ್ಚಿರುವಲ್ಲಿ ಸುಣ್ಣವೊಂದೇ ಸಾಲದು, ಹಾರುಬೂದಿಯನ್ನೂ ಕೂಡಿಸಬೇಕು. ತೆಂಗಿನ ನಾರಿನ ಎಳೆಗಳು ಮಣ್ಣು ಬಿರಿಯದಂತೆ ಹಿಡಿಯುತ್ತವೆ.

ಇದನ್ನು ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಬರಿಯ ಶೇಡಿಯ ಒಂದು ಉಂಡೆ, ಸ್ವಲ್ಪ ಸಿಮೆಂಟು ಬೆರೆಸಿದ ಇನ್ನೊಂದು ಉಂಡೆ. ಎರಡನೆಯದನ್ನು ಒಂದು ವಾರ ತೇವದಲ್ಲಿಟ್ಟು, ಬಳಿಕ ಎರಡನ್ನೂ ಒಣಗಿಸಿ ನೀರಿಗೆ ಇಳಿಸಬೇಕು. ಮೊದಲನೆಯದು ಕರಗಿ ತಳ ಸೇರುವುದನ್ನೂ ಎರಡನೆಯದು ಉಳಿಯುವುದನ್ನೂ ಕಣ್ಣಾರೆ ಕಾಣಬಹುದು.

ಆದರೆ ಲೋಟದಲ್ಲಿ ಗೆದ್ದದ್ದು ಧರೆಯಲ್ಲಿ ಗೆಲ್ಲಬೇಕೆಂದಿಲ್ಲ. ಮಿಶ್ರಣವು ಫಲಿಸಬೇಕಾದರೆ ಮಣ್ಣನ್ನು ಸಡಿಲಿಸಿ, ಹದವಾಗಿ ನೀರು ಬೆರೆಸಿ, ದಮ್ಮಸು ಮಾಡಿ, ಕೆಲವು ದಿನ ತೇವದಲ್ಲಿಡಬೇಕು. ರಸ್ತೆಯ ತಳಪದರಕ್ಕೆ ಇದು ಸಾಧ್ಯ. ನೆಟ್ಟಗೆ ಕಡಿದ ಧರೆಗೆ ಅಸಾಧ್ಯ. ಅಲ್ಲಿ ಸಿಮೆಂಟಿನ ಹೊದಿಕೆ ಬಳಿದು ನೀರು ಹೊರಬರಲು ದಾರಿಯಿಡದಿದ್ದರೆ, ಹಿಂದೆ ನಿಂತ ನೀರೇ ಹೊದಿಕೆಯನ್ನು ನೂಕುತ್ತದೆ.

ಆದುದರಿಂದ ಧರೆಗೆ ಬೇಕಾದ ಕ್ರಮವೇ ಬೇರೆ. ಮೊದಲು ನೆತ್ತಿಯಲ್ಲಿ ಅಡ್ಡಗಾಲುವೆ ತೆಗೆದು ನೀರನ್ನು ಬದಿಗೆ ಸಾಗಿಸಬೇಕು. ಅನಂತರ ಇಳಿಜಾರನ್ನು ಮೆಟ್ಟಿಲುಗಳಾಗಿ ತಗ್ಗಿಸಬೇಕು. ಕಡೆಗೆ ಗೊಬ್ಬರ ಬೆರೆಸಿದ ಮಣ್ಣು, ನಾರಿನ ಹಾಸು, ಲಾವಂಚದ ಸಾಲು. ಹಾಸು ಕೊಳೆಯುವಷ್ಟರಲ್ಲಿ ಬೇರು ಮಣ್ಣನ್ನು ಹಿಡಿದಿರುತ್ತದೆ.

ಇದಕ್ಕೂ ಮಿತಿಯುಂಟು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡವೇ ಜಾರಿ ಜನರು ಪ್ರಾಣ ಕಳೆದುಕೊಂಡರು. ಅಷ್ಟು ದೊಡ್ಡ ಕುಸಿತವನ್ನು ಮೇಲ್ಮೈಯ ಯಾವ ಮಿಶ್ರಣವೂ, ಯಾವ ಹುಲ್ಲೂ ತಡೆಯಲಾರದು. ಗುಡ್ಡ ಕಡಿಯುವ ಯೋಜನೆ ಊರಿಗೆ ಬಂದಾಗ, ಧರೆಗೆ ಏನು ಬಳಿಯುವಿರೆಂದು ಕೇಳುವ ಮೊದಲು ಗ್ರಾಮಸಭೆಯು ಎರಡು ಪ್ರಶ್ನೆ ಕೇಳಲಿ: ಇಷ್ಟು ಕಡಿಯಲೇಬೇಕೇ? ಕಡಿದ ಮೇಲೆ ಮಳೆನೀರು ಎಲ್ಲಿಗೆ ಹೋಗುತ್ತದೆ?