ಮಗುವಿಗೊಂದು ಸೊಲ್ಲು ಉಳಿಸಿ



ತಮ್ಮ ಮನೆಯಲ್ಲಿ ಎರಡು ಮೂರು ವರ್ಷದ ಮಗುವಿದ್ದರೆ ಈ ಐದು ನಿಮಿಷ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಮಾತು ಅದರ ವಿಚಾರವೇ. ದೊಡ್ಡವರು ಹಾಡುವಾಗ ಎಳೆಯ ಮಕ್ಕಳು ಜೊತೆಗೂಡಿ ಹಾಡುವಂತೆ ಮಾಡುವುದು ಹೇಗೆ ಎಂಬುದು ಇಂದಿನ ವಿಷಯ. ನಾನು ಪ್ರೌಢಶಾಲೆಯ ಕನ್ನಡ ಪಂಡಿತ, ಸಂಗೀತಗಾರನಲ್ಲ. ನಾನು ಕೆಡಿಸಿ, ನನ್ನ ತಾಯಿ ಸರಿಪಡಿಸಿದ ಒಂದು ಸಂಗತಿಯಿಂದ ಕಲಿತದ್ದನ್ನಷ್ಟೆ ಹೇಳುತ್ತೇನೆ.

ಮೂಡಿಗೆರೆಯ ಕಡೆ ಮಳೆ ಹಿಡಿಯಿತೆಂದರೆ ಮಕ್ಕಳು ಅಂಗಳಕ್ಕಿಳಿಯುವಂತಿಲ್ಲ. ಅಂಥದೊಂದು ಸಂಜೆ, ಕರೆಂಟು ಹೋಗಿ, ಎಲ್ಲರೂ ಬಚ್ಚಲೊಲೆಯ ಮುಂದೆ ಕುಳಿತಿದ್ದೆವು. ತಾಯಿ ಹಲಸಿನ ಬೀಜ ಸುಡುತ್ತ ಒಂದು ಪದ ಹೇಳುತ್ತಿದ್ದರು. ಅದರ ಒಂದೊಂದು ಸಾಲೂ ‘ಮಳೆ’ ಎಂಬ ಮಾತಿನಲ್ಲಿ ಮುಗಿಯುತ್ತಿತ್ತು. ಎರಡೂವರೆ ವರ್ಷದ ನನ್ನ ಮಗಳು ಸಾಲಿನ ಕೊನೆಗೆ ಸರಿಯಾಗಿ ‘ಮಲೆ’ ಎಂದು ದನಿಗೂಡಿಸಿದಳು. ಕೇಶಿರಾಜನನ್ನು ಓದಿದ ನನಗೆ ಸುಮ್ಮನಿರಲಾಗಲಿಲ್ಲ. ‘ಮಲೆ ಅಲ್ಲ ಪುಟ್ಟಿ, ಮಳೆ. ನಾಲಗೆ ಮಡಿಸಿ ಹೇಳು’ ಎಂದೆ. ಮೂರು ಬಾರಿ ಹೇಳಿಸಿದೆ. ನಾಲ್ಕನೆಯ ಬಾರಿ ಮಗು ಬಾಯಿ ಮುಚ್ಚಿತು. ಅಲ್ಲಿಂದ ಹತ್ತು ಹದಿನೈದು ದಿನ, ಯಾರು ಹಾಡಿದರೂ ಅವಳು ನನ್ನ ಮುಖ ನೋಡುವಳು; ಹಾಡಳು.

ನನ್ನ ತಾಯಿ ಓದುಬರಹ ಬಲ್ಲವರಲ್ಲ. ಅವರು ಮಗುವನ್ನು ಹಾಡೆಂದು ಕೇಳಲಿಲ್ಲ. ತಾವೇ ಪದ ಹೇಳುತ್ತ, ಕೊನೆಯ ಮಾತು ಬರುವ ಮುನ್ನ ನಿಲ್ಲಿಸಿ ಒಲೆಗೆ ಸೌದೆ ನೂಕುವರು. ಮೂರನೆಯ ಸಂಜೆ ಮಗುವಿಗೆ ತಡೆಯಲಾಗಲಿಲ್ಲ. ‘ಮಲೆ!’ ಎಂದು ಕೂಗಿದಳು. ನಾನು ಬಾಯಿ ತೆರೆದೆ. ‘ಸುಮ್ನಿರೋ ಮಾರಾಯ. ಮಲೆನೂ ನಮ್ದೆ, ಮಳೆನೂ ನಮ್ದೆ. ಹಾಡ್ಲಿ ಬಿಡು’ ಎಂದರು ತಾಯಿ.

ಯೋಚಿಸಿದರೆ, ಇದು ಮಲೆನಾಡಿನ ಹಾಡುಗಾರಿಕೆಯಲ್ಲೇ ಇರುವ ಉಪಾಯ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಿಂಟಿಗೆಯವರಲ್ಲಿ ಮುಂದಾಳು ಪದ ಹೇಳುತ್ತಾನೆ, ಉಳಿದವರು ಸೊಲ್ಲೆತ್ತುತ್ತಾರೆ. ಮದುವೆಮನೆಯ ಸೋಬಾನೆಯಲ್ಲೂ ಒಬ್ಬರು ಹೇಳಿದ್ದನ್ನು ಉಳಿದವರು ಹಿಡಿಯುತ್ತಾರೆ. ಪದ ಬಾರದವರಿಗೂ ಅಲ್ಲಿ ಜಾಗವಿದೆ. ಮಗುವಿಗೆ ಬೇಕಾದದ್ದೂ ಅಷ್ಟೇ ಜಾಗ.

ಎಳೆಯ ಮಗು ಹಾಡನ್ನು ಬಾಲದಿಂದ ಹಿಡಿಯುತ್ತದೆ. ಮೊದಲು ಸಾಲಿನ ಕೊನೆಯ ಮಾತು, ಆಮೇಲೆ ಪಲ್ಲವಿ, ಬಹುದಿನದ ಮೇಲೆ ಇಡೀ ಸಾಲು. ಆದ್ದರಿಂದ ಚಿಕ್ಕ ಸಾಲಿನ, ಮತ್ತೆ ಮತ್ತೆ ಮರಳುವ ಪದವನ್ನು ಆರಿಸಿಕೊಳ್ಳಿ. ನಿಧಾನವಾಗಿ ಹಾಡಿ. ಗಂಡಸರು ದನಿಯನ್ನು ತುಸು ಏರಿಸಬೇಕು. ತಂದೆಯ ತಗ್ಗುದನಿಗೆ ಮಗುವಿನ ಕಂಠ ಇಳಿಯದು. ಒಂದೇ ಪದವನ್ನು ದಿನವೂ ಹಾಡಿ. ಬೇಸರ ನಮಗೆ, ಮಗುವಿಗಲ್ಲ. ಸಾಲಿನ ಕೊನೆಯಲ್ಲಿ ಐದೆಣಿಸುವಷ್ಟು ಕಾಯಿರಿ. ದನಿ ಬಾರದಿದ್ದರೆ ತಾವೇ ಮುಗಿಸಿ ಮುಂದೆ ಹೋಗಿ. ನೆಂಟರ ಮುಂದೆ ನಿಲ್ಲಿಸಿ ಹಾಡಿಸಬೇಡಿ.

ಉಚ್ಚಾರಣೆಯ ಚಿಂತೆ ಬೇಡ. ರ, ಳ, ಷ, ಮಹಾಪ್ರಾಣಗಳು ಎಷ್ಟೋ ಮಕ್ಕಳಿಗೆ ತಡವಾಗಿಯೇ ಒದಗುತ್ತವೆ. ಸರಿಯಾದ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು. ನನ್ನ ಮಗಳ ‘ಮಳೆ’ ನಾಲ್ಕು ತುಂಬಿದ ಮೇಲೆ, ಯಾರೂ ತಿದ್ದದೆ, ತಾನಾಗಿ ಬಂತು. ಆದರೆ ದನಿ ಕೇಳಿ ತಿರುಗಿಯೂ ನೋಡದ ಮಗುವಿನ ವಿಚಾರದಲ್ಲಿ ತಡಮಾಡದೆ ವೈದ್ಯರನ್ನು ಕಾಣಿರಿ. ಇಂಥ ಪರೀಕ್ಷೆಗೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಇನ್ನು ತೋಟಗಳ ಮಾತು. ಕಳಸ, ಮೂಡಿಗೆರೆಗಳ ಲೈನು ಮನೆಗಳಲ್ಲಿ ಮನೆಮಾತು ತುಳುವಿರಬಹುದು, ತಮಿಳಿರಬಹುದು. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೋಣೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಕಾಯಿದೆ ಕೋಣೆ ಕೊಡಿಸಬಲ್ಲದು. ಹಾಡನ್ನು ನಾವೇ ಕೊಡಬೇಕು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ತಾಯಂದಿರಿಂದ ಮನೆಮಾತಿನ ಪದವೊಂದನ್ನು ಕಲಿತು ಹಾಡಲಿ. ಕೊಯ್ಲಿನ ಕಾಲದಲ್ಲಿ ದಿನವೆಲ್ಲ ತಾಯನ್ನು ಕಾಣದ ಮಗುವಿಗೆ ಅದೇ ಅರ್ಧ ಮಡಿಲು.

ಕೊನೆಯದಾಗಿ, ರೇಡಿಯೋದಲ್ಲಿ ಮಾತಾಡುತ್ತಲೇ ಒಂದು ಮಾತು ಒಪ್ಪಿಕೊಳ್ಳಬೇಕು. ರೇಡಿಯೋ ಎಷ್ಟು ಇಂಪಾಗಿ ಹಾಡಿದರೂ ತಮ್ಮ ಮಗುವಿಗಾಗಿ ಸಾಲಿನ ಕೊನೆಯಲ್ಲಿ ಕಾಯುವುದಿಲ್ಲ. ಮೊಬೈಲೂ ಕಾಯುವುದಿಲ್ಲ. ಕಾಯಬಲ್ಲವರು ತಾವು. ಈ ಭಾಷಣ ಮುಗಿದೊಡನೆ ರೇಡಿಯೋ ನಿಲ್ಲಿಸಿ, ತಮಗೆ ಬರುವ ಪದವೊಂದನ್ನು ಎತ್ತಿಕೊಳ್ಳಿ. ಕೊನೆಯ ಮಾತನ್ನು ಮಗುವಿಗೆ ಬಿಡಿ.